ಮೂರನೆಯ ತಂತಿ

ನಾಯಿಯ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತ ನಾಗರತ್ನಾ ಎಕ್ಸ್‌ರೇ ಕೋಣೆಯ ಸೀಸದ ಪರದೆಯ ಹಿಂದೆ ಗುಂಡಿಯ ಮೇಲೆ ಬೆರಳಿಟ್ಟು ನಿಂತಿದ್ದಳು. ಉಸಿರು ಪೂರ್ತಿ ಹೊರಗೆ ಹೋಗಿ ಮುಂದಿನದು ಒಳಗೆ ಬರುವ ಮೊದಲು ಒಂದು ಗಳಿಗೆ ಹೊಟ್ಟೆ ನಿಶ್ಚಲವಾಗುತ್ತದೆ. ಆಗ ಒತ್ತಿದರೆ ಕರುಳು, ಮೂತ್ರಪಿಂಡ, ಗುಲ್ಮ ಎಲ್ಲ ಬೇರೆಬೇರೆಯಾಗಿ ಕಾಣುತ್ತವೆ. ತಪ್ಪಿದರೆ ಹೊಗೆ ತುಂಬಿದ ಅಡುಗೆಮನೆಯ ಹಾಗೆ ಎಲ್ಲವೂ ಮಸುಕು. ಮಂಪರಿನ ಇಂಜೆಕ್ಷನ್ ಹತ್ತಿ ನಾಯಿ ಬಲಮಗ್ಗುಲಾಗಿ ಮಲಗಿತ್ತು. ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಎಳೆದು, ಮೇಲೆ ಉಸುಕಿನ ಸಣ್ಣ ಚೀಲಗಳನ್ನು ಹೇರಿದ್ದಳು. ಹೊಟ್ಟೆ ಇಳಿಯಿತು, ನಿಂತಿತು. ಅವಳು ಒತ್ತಿದಳು.

ಗದಗಿನಿಂದ ಬೆಟಗೇರಿಗೆ ಹೋಗುವ ರಸ್ತೆಯ ಆ ಪ್ರಾಣಿಗಳ ದವಾಖಾನೆಯಲ್ಲಿ ನಾಗರತ್ನಾ ಎಂಟು ವರ್ಷಗಳಿಂದ ನರ್ಸ್ ಆಗಿದ್ದಳು. ದಿನಾ ಹರ್ತಿಯಿಂದ ಬೆಳಗಿನ ಬಸ್ಸಿಗೆ ಬರುವಳು. ಮೊದಲು ಕಸ ಹೊಡೆಯಲು, ಬಟ್ಟೆ ತೊಳೆಯಲು ಸೇರಿದವಳಿಗೆ ಇಂಜೆಕ್ಷನ್ ಕೊಡಲು, ಆಮೇಲೆ ಎಕ್ಸ್‌ರೇ ತೆಗೆಯಲು ಕಲಿಸಿದವರು ದವಾಖಾನೆ ತೆರೆದ ಹಿರಿಯ ಡಾಕ್ಟರು. ಅವರು ವಯಸ್ಸಾಗಿ ಕೆಲಸ ಬಿಟ್ಟರು. ಹೋದ ವರ್ಷ ಅವರ ಜಾಗಕ್ಕೆ ಡಾಕ್ಟರ್ ವಿದ್ಯಾಶ್ರೀ ಬಂದಿದ್ದರು. ವಯಸ್ಸಿನಲ್ಲಿ ನಾಗರತ್ನಾಳಿಗಿಂತ ಹತ್ತು ವರ್ಷ ಸಣ್ಣವರು. ಅವಳನ್ನು ಅಕ್ಕಾ ಎಂದೇ ಕರೆಯುವರು.

ಈ ಕಂದುಬಣ್ಣದ ನಾಯಿಯನ್ನು ಆ ದಿನ ಬೆಳಿಗ್ಗೆ ಸಿಂಗಟಾಲೂರಿನಿಂದ ಗೂಡ್ಸ್ ಆಟೋದಲ್ಲಿ ತಂದಿದ್ದರು. ತಂದವರು ಮಂಜವ್ವ ಮತ್ತು ಅವಳ ಗಂಡ ಹೇಮಪ್ಪ. ಮಂಜವ್ವ ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವಳು. ಹೇಮಪ್ಪ ಕಾಲುವೆಯ ಕೆಳಗಿನ ಹೊಲಗಳಿಗೆ ನೀರು ಹಾಯಿಸುವ ಕೆಲಸದವನು. ನಾಲ್ಕು ದಿನದಿಂದ ನಾಯಿ ಏನೂ ತಿಂದಿರಲಿಲ್ಲ, ಕುಡಿದ ನೀರನ್ನೂ ಕಾರುತ್ತಿತ್ತು. ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಮಂಜವ್ವ ತಾನೂ ಒಳಗೆ ಬಂದು ತಲೆ ಹಿಡಿದುಕೊಳ್ಳುವೆನೆಂದಳು. ಆ ಕಿರಣ ಒಳ್ಳೆಯದಲ್ಲ, ನಾಯಿಗಾದರೆ ಒಂದೇ ಸಲ, ಹಿಡಿದುಕೊಳ್ಳುವವರಿಗೆ ಸುಮ್ಮನೆ ಯಾಕೆ ಎಂದು ನಾಗರತ್ನಾ ತಿಳಿಸಿ ಹೇಳಿದಳು. ಮಂಜವ್ವ ಒಪ್ಪಿ ಹಿಂದೆ ಸರಿದಳು. ಆದರೆ ಬಾಗಿಲು ಹಾಕುವ ಮುಂಚೆ, ಬೆಂಚಿನ ಮೇಲೆ ಕೈಕಟ್ಟಿ ಕುಳಿತಿದ್ದ ಗಂಡನತ್ತ ನೋಡಿ, ಸಣ್ಣ ದನಿಯಲ್ಲಿ ಒಂದು ಮಾತು ಹೇಳಿದಳು.

"ಇವರಿಗೆ ಎರಡೂ ಕಿವಿ ಕೇಳಂಗಿಲ್ರಿ ಸಿಸ್ಟರ್. ಕಾಲವಿ ದಾರ್ಯಾಗ ಹಿಂದಿನಿಂದ ಟ್ರ್ಯಾಕ್ಟರ್ ಬಂದ್ರ ಈ ನಾಯಿನ ಮೊಣಕಾಲಿಗೆ ಮೂತಿ ಹಚ್ಚಿ ತಿಳಸ್ತೈತಿ. ಇದೊಂದ ಐತಂತ ನಾ ಧೈರ್ಯದ ಮ್ಯಾಲ ಸಾಲಿಗೆ ಹೊಕ್ಕೀನಿ."

ಚಿತ್ರ ಕಂಪ್ಯೂಟರಿನಲ್ಲಿ ಮೂಡಿತು. ಸಣ್ಣ ಕರುಳು ಗಾಳಿ ತುಂಬಿ ಸೈಕಲ್ಲಿನ ಟ್ಯೂಬಿನ ಹಾಗೆ ಉಬ್ಬಿತ್ತು. ಉಬ್ಬು ಮುಗಿಯುವಲ್ಲಿ ಅಂಡಾಕಾರದ ಒಂದು ನೆರಳು, ಅದರ ನಡುವೆ ತೆಳ್ಳನೆಯ ಕಪ್ಪು ಗೆರೆ. ಮಾವಿನ ಗೊರಟೆ. ಮೇ ತಿಂಗಳಲ್ಲಿ ಇಂಥವು ವರ್ಷಕ್ಕೆ ಎರಡು ಮೂರು ಬರುತ್ತಿದ್ದವು. ಸಿಕ್ಕಿತಲ್ಲ ಎಂದು ಸಮಾಧಾನವಾಗಿ ನಾಗರತ್ನಾ ಚಿತ್ರದ ಉಳಿದ ಭಾಗದ ಮೇಲೆ ಕಣ್ಣಾಡಿಸಿದಳು. ಬಾಲದ ಕಡೆಯ ಅಂಚಿಗೆ ಬಂದಾಗ ಅವಳ ಕಣ್ಣು ಅಲ್ಲಿಯೇ ನಿಂತಿತು.

ತೊಡೆಯ ಮೂಳೆಯೊಳಗೆ ಉದ್ದನೆಯ ಬಿಳಿ ಸರಳಿತ್ತು. ಮೂಳೆಯ ಸುತ್ತ ಮೂರು ತಂತಿ. ಎರಡು ನೆಟ್ಟಗೆ ಬಳೆಯ ಹಾಗೆ ಕುಳಿತಿದ್ದವು. ಮೂರನೆಯದು ಓರೆಯಾಗಿ, ತುದಿ ಹೊರಗೆ ಮಡಿಚಿಕೊಂಡು ಗಾಳದ ಕೊಕ್ಕೆಯಂತಿತ್ತು.

ಆ ಕೊಕ್ಕೆ ಅವಳಿಗೆ ಗೊತ್ತಿತ್ತು. ಐದು ವರ್ಷಗಳ ಹಿಂದೆ ಅವಳು ಯಾರ ಸಹಾಯವೂ ಇಲ್ಲದೆ ತೆಗೆದ ಮೊದಲ ಎಕ್ಸ್‌ರೇಯಲ್ಲಿ ಇದ್ದದ್ದು ಅದೇ. ಮೋಟರ್ ಸೈಕಲ್ ಬಡಿದು ತೊಡೆ ಮುರಿದುಕೊಂಡಿದ್ದ ಒಂದು ವರ್ಷದ ನಾಯಿಗೆ ಧಾರವಾಡದಿಂದ ಬಂದಿದ್ದ ಸರ್ಜನ್ ಸರಳು ಹಾಕಿದ್ದರು. ಮೂರನೆಯ ತಂತಿ ತಿರುಚುವಾಗ ತುಂಡಾಗಿ, ಉಳಿದ ಗಿಡ್ಡ ತುಂಡನ್ನೇ ಹೇಗೋ ಸುತ್ತಿ, ಇದರ ಅಂದ ನೋಡಬ್ಯಾಡ್ರಿ, ಗಟ್ಟಿ ಐತೋ ಇಲ್ಲೋ ಅಷ್ಟ ನೋಡ್ರಿ ಎಂದು ನಕ್ಕಿದ್ದರು. ಆ ದಿನ ನಾಗರತ್ನಾಳ ಮೊದಲ ಮೂರು ಚಿತ್ರ ಅಲುಗಾಡಿ ಕೆಟ್ಟಿದ್ದವು. ನಾಲ್ಕನೆಯದು ಚೆನ್ನಾಗಿ ಬಂದಾಗ ಹಿರಿಯ ಡಾಕ್ಟರು ಅದನ್ನು ಎಲ್ಲರಿಗೂ ಕರೆದು ತೋರಿಸಿದ್ದರು. ಅವಳು ಅದನ್ನು ಎಷ್ಟು ಸಲ ನೋಡಿದ್ದಳೆಂದರೆ, ಕಣ್ಣು ಮುಚ್ಚಿದರೂ ಆ ಮೂರು ತಂತಿ ಕಾಣುತ್ತಿದ್ದವು.

ಆ ನಾಯಿಯ ಹೆಸರು ಗುಂಡ್ಯಾ. ಸಾಕಿದವರು ಲಕ್ಷ್ಮೇಶ್ವರದ ಸುನಿತಾ ಟೀಚರ್ ಮತ್ತು ಆಕೆಯ ಮಗಳು ಅಂಕಿತಾ. ಎರಡೂವರೆ ವರ್ಷದ ಹಿಂದೆ ದೀಪಾವಳಿಗೆ ಅವರು ಶಿರಹಟ್ಟಿಯ ತವರಿಗೆ ಹೋಗಿದ್ದಾಗ ಪಟಾಕಿಯ ಸದ್ದಿಗೆ ಬೆದರಿ ನಾಯಿ ಓಡಿಹೋಗಿತ್ತು. ಯಾರಾದರೂ ಚಿಕಿತ್ಸೆಗೆ ತಂದಾರೆಂಬ ಆಸೆಯಿಂದ ಸುನಿತಾ ಅಳುತ್ತಿದ್ದ ಮಗಳೊಡನೆ ಬಂದು ಅದರ ಫೋಟೋವನ್ನು ದವಾಖಾನೆಯ ಬಾಗಿಲಿಗೆ ಅಂಟಿಸಿದ್ದರು. ಆರು ತಿಂಗಳು ಪ್ರತಿ ಶನಿವಾರ ಫೋನ್ ಮಾಡಿದ್ದರು. ಸಿಗ್ತದ ಬಿಡ್ರಿ ಎಂದು ನಾಗರತ್ನಾ ಪ್ರತಿ ಸಲವೂ ಹೇಳಿದ್ದಳು, ಹೇಳುವುದಕ್ಕೆ ಬೇರೇನೂ ಇಲ್ಲದೆ. ಒಂದು ದಿನ ಸುನಿತಾ ತಾವೇ ಬಂದು ಫೋಟೋ ಕಿತ್ತುಕೊಂಡು ಹೋಗಿದ್ದರು.

ಹೊರಗೆ ಡಾಕ್ಟರ್ ವಿದ್ಯಾಶ್ರೀಯ ಹೆಜ್ಜೆ ಸಪ್ಪಳ ಕೇಳಿತು. ನಾಗರತ್ನಾ ಏನನ್ನೂ ಯೋಚಿಸಲಿಲ್ಲ. ಅವಳ ಕೈ ತಾನಾಗಿಯೇ ಹೊಟ್ಟೆಯ ಭಾಗವನ್ನಷ್ಟೇ ಉಳಿಸಿ, ತೊಡೆಯಿದ್ದ ಅಂಚನ್ನು ಪರದೆಯಿಂದ ಕತ್ತರಿಸಿತು. ಡಾಕ್ಟರು ಬಂದು ನೋಡಿದರು. ಗೊರಟೆಯನ್ನು ಗುರುತಿಸಿದರು. ಅಂಗಾತ ಮಲಗಿಸಿ ಇನ್ನೊಂದು ಚಿತ್ರ ಬೇಕೆಂದರು. ಒಂದೇ ಮಗ್ಗುಲಿನ ಚಿತ್ರ ನಂಬಿ ಹೊಟ್ಟೆ ಕೊಯ್ಯುವವರಲ್ಲ ಅವರು. ಎರಡನೆಯ ಚಿತ್ರದಲ್ಲಿ ನಾಗರತ್ನಾ ಕಿರಣ ಬೀಳುವ ಜಾಗ ತೋರಿಸುವ ಬೆಳಕಿನ ಚೌಕವನ್ನು ಹೊಟ್ಟೆಗೆ ಬಿಗಿಯಾಗಿ ಹೊಂದಿಸಿದಳು. ಹಾಗೆ ಹೊಂದಿಸುವುದೇ ಕ್ರಮ, ಯಾರೂ ತಪ್ಪು ಹುಡುಕುವಂತಿರಲಿಲ್ಲ. ಆದರೂ ಅವಳ ಕಿವಿ ಬಿಸಿಯಾಗಿದ್ದವು.

ಶಸ್ತ್ರಚಿಕಿತ್ಸೆ ಮುಗಿದಾಗ ಮಧ್ಯಾಹ್ನ ಎರಡು ದಾಟಿತ್ತು. ಕರುಳು ಕಪ್ಪಾಗಿರಲಿಲ್ಲ. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತೆಂದು ವಿದ್ಯಾಶ್ರೀ ಹೇಳಿ, ಸರತಿಯಲ್ಲಿದ್ದ ರೋಗಿಗಳನ್ನು ನೋಡಲು ಹೋದರು. ನಾಗರತ್ನಾ ನಾಯಿಯನ್ನು ಕಂಬಳಿಯ ಮೇಲೆ ಮಲಗಿಸಿ, ಒಸಡಿನ ಬಣ್ಣ ನೋಡುತ್ತ, ಮೈ ತಣ್ಣಗಾಗದಂತೆ ಬಿಸಿನೀರಿನ ಬಾಟಲಿ ಇಟ್ಟು, ಪಕ್ಕದಲ್ಲಿಯೇ ಕುಳಿತಳು. ಕೈಯೊಂದು ತೊಡೆಯ ಮೇಲೆ ಹೋಯಿತು. ರೋಮದ ಕೆಳಗೆ ಹಳೆಯ ಹೊಲಿಗೆಯ ಗೆರೆ ಬೆರಳಿಗೆ ತಾಗಿತು. ಇದನ್ನು ಇವತ್ತಲ್ಲದಿದ್ದರೆ ನಾಳೆ ಮರೆತುಬಿಡಬಹುದು ಎಂದುಕೊಂಡಳು. ಸುನಿತಾ ಫೋಟೋ ಕಿತ್ತುಕೊಂಡು ಹೋಗಿ ಬಹಳ ದಿನವಾಯಿತು. ಹುಡುಗಿ ಈಗ ದೊಡ್ಡವಳಾಗಿದ್ದಾಳೆ. ಇಲ್ಲಿ ಈ ಕಿವುಡ ಮುದುಕ ಕಾಲುವೆಯ ದಾರಿಯಲ್ಲಿ ದಿನಾ ನಡೆಯಬೇಕು.

ಮಂಜವ್ವ ಒಳಗೆ ಬರಬಹುದೇ ಎಂದು ಕೇಳಿ, ಚಪ್ಪಲಿ ಬಿಟ್ಟು ಬಂದಳು. ನಾಯಿಯ ಹಣೆ ಸವರಿದಳು. ಆಮೇಲೆ ಬಟ್ಟೆಯ ಗಂಟು ಬಿಚ್ಚಿ, ಎರಡು ಜೋಳದ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಉದುರಿಸಿ, ಒಂದಿಷ್ಟು ಮೊಸರು ಹಾಕಿ ನಾಗರತ್ನಾಳ ಮುಂದೆ ಇಟ್ಟಳು. ಬೇಡವೆಂದರೂ ಕೇಳಲಿಲ್ಲ. ಮುಂಜಾನೆಯಿಂದ ನೀವು ಕುಂತದ್ದು ನಾ ನೋಡಲಿಲ್ಲ ಎಂದಳು. ಇಷ್ಟು ವರ್ಷಗಳಲ್ಲಿ ಜನ ಡಾಕ್ಟರಿಗೆ ಕೈಮುಗಿದದ್ದನ್ನು ನಾಗರತ್ನಾ ಎಷ್ಟೋ ಸಲ ನೋಡಿದ್ದಳು. ಉಂಡೆಯಾ ಎಂದು ಅವಳನ್ನು ಕೇಳಿದವರು ಕಡಿಮೆ. ಅವಳು ರೊಟ್ಟಿ ಮುರಿದು ತಿಂದಳು. ಹಸಿವಾಗಿತ್ತು.

"ಇದಕ್ಕ ಬಾಯಿಲ್ಲ, ಇವರಿಗೆ ಕಿವಿ ಇಲ್ಲ," ಎಂದಳು ಮಂಜವ್ವ. "ಒಳಗ ಏನೈತೋ ಅದನ್ನ ಇದ್ದಂಗ ನೀವು ತೋರಿಸಿದ್ರಿ. ಇಲ್ಲಂದ್ರ ನಮಗ ಹೆಂಗ ತಿಳೀತಿತ್ರಿ."

ನಾಗರತ್ನಾ ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟಳು. ಇದ್ದ ಹಾಗೆ ತೋರಿಸಿರಲಿಲ್ಲ ಅವಳು. ಎದ್ದು ಕೈ ತೊಳೆದುಕೊಂಡಳು. ಮಂಜವ್ವನನ್ನು ಎಕ್ಸ್‌ರೇ ಕೋಣೆಗೆ ಕರೆದೊಯ್ದು ಬೆಳಗಿನ ಚಿತ್ರವನ್ನು ಪೂರ್ತಿಯಾಗಿ ತೆರೆದಳು. ಪಕ್ಕದಲ್ಲಿ ಐದು ವರ್ಷದ ಹಿಂದಿನದನ್ನು ಹುಡುಕಿ ಇಟ್ಟಳು. ಎರಡರಲ್ಲಿಯೂ ಅದೇ ಸರಳು, ಅದೇ ಮೂರು ತಂತಿ, ಅದೇ ಕೊಕ್ಕೆ. ನೋಡಿದವರು ಯಾರೂ ಬೇರೆ ನಾಯಿ ಎನ್ನಲು ಸಾಧ್ಯವಿರಲಿಲ್ಲ. ನಾಗರತ್ನಾ ಎಲ್ಲವನ್ನೂ ಹೇಳಿದಳು, ಫೋಟೋ ಕಿತ್ತುಕೊಂಡು ಹೋದದ್ದನ್ನೂ. ಬೆಳಿಗ್ಗೆ ತಾನು ಚಿತ್ರವನ್ನು ಕತ್ತರಿಸಿದ್ದನ್ನೂ ಮುಚ್ಚಿಡಲಿಲ್ಲ.

ಮಂಜವ್ವ ಪರದೆಯ ಮೇಲಿನ ಕೊಕ್ಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆ ವರ್ಷ ದೀಪಾವಳಿ ಮುಗಿದು ಒಂದು ತಿಂಗಳಿಗೆ ನಾಯಿ ಶಾಲೆಯ ಹಿತ್ತಲಿಗೆ ಬಂದದ್ದನ್ನು ನಿಧಾನವಾಗಿ ಹೇಳಿದಳು. ಎಲುಬು ಎಣಿಸುವಂತಿತ್ತು. ಕುಂಟುತ್ತಿತ್ತು. ಮೂರು ದಿನ ಅವಳು ಇಟ್ಟ ಅನ್ನದ ಹತ್ತಿರ ಬರಲಿಲ್ಲ. ನಾಲ್ಕನೆಯ ದಿನ ಹೇಮಪ್ಪ ಬಂದು ಕುಳಿತಾಗ ಅವನ ಹತ್ತಿರ ತಾನಾಗಿ ಹೋಗಿ ಮಲಗಿತು. ಅವನು ಮಾತಾಡುವುದಿಲ್ಲ, ಅದಕ್ಕೆ ಅಂಜಿಕೆಯಾಗಲಿಲ್ಲವೇನೋ ಎಂದಳು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು.

"ಆ ಹುಡುಗಿ ಭಾಳ ಅತ್ತಿದ್ಲೇನ್ರಿ?"

ನಾಗರತ್ನಾ ಹೌದೆಂದು ತಲೆಯಾಡಿಸಿದಳು.

ಮಂಜವ್ವ ಹೊರಗೆ ಹೋಗಿ ಗಂಡನ ಪಕ್ಕ ಕುಳಿತಳು. ಅವನ ಕಿವಿಗೆ ಬಾಯಿಟ್ಟು ಹೇಳತೊಡಗಿದಳು. ಮೆಲ್ಲಗೆ ಹೇಳುವ ಮಾತಾಗಿತ್ತು, ಆದರೆ ಮೆಲ್ಲಗೆ ಹೇಳಿದರೆ ಅವನಿಗೆ ಕೇಳುವಂತಿರಲಿಲ್ಲ. ಅವಳು ಕೂಗಿ ಹೇಳಿದಳು, ಎರಡೆರಡು ಸಲ ಹೇಳಿದಳು. ಬೆಕ್ಕು, ಮೊಲ, ನಾಯಿಮರಿ ಹಿಡಿದು ಸರತಿಯಲ್ಲಿ ಕುಳಿತವರೆಲ್ಲ ಕೇಳಿಸಿಕೊಂಡರು. ಮರಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಒಬ್ಬಾಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೇಮಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಝಾಡಿಸಿ, ಮತ್ತೆ ಹೆಗಲಿಗೆ ಹಾಕಿಕೊಂಡ.

"ಫೋನ್ ಹಚ್ಚಿ ಕರೀರಿ ಅವರನ್ನ," ಎಂದ.

ನಾಗರತ್ನಾ ಮೊದಲು ಡಾಕ್ಟರ ಹತ್ತಿರ ಹೋದಳು. ಚಿತ್ರದ ಅಂಚು ಕತ್ತರಿಸಿ ತೋರಿಸಿದ್ದನ್ನು ತಡವರಿಸುತ್ತ ಒಪ್ಪಿಕೊಂಡಳು. ಬೈಗುಳಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದಳು. ವಿದ್ಯಾಶ್ರೀ ಕೈಗವಸು ತೆಗೆಯುತ್ತ ಎರಡೂ ಚಿತ್ರಗಳನ್ನು ನೋಡಿದರು. ಮುಂದೆಂದೂ ತಮಗೆ ಪೂರ್ತಿ ಚಿತ್ರವನ್ನೇ ತೋರಿಸಬೇಕು, ಬೇಡದ್ದನ್ನು ಬಿಡುವುದು ತಮ್ಮ ಕೆಲಸ ಎಂದು ಗಂಭೀರವಾಗಿ ಹೇಳಿದರು. ನಂತರ ಕುರ್ಚಿ ಎಳೆದು ಅವಳನ್ನು ಕೂಡಿಸಿದರು.

"ಆದ್ರ ಒಂದ ಮಾತು ಅಕ್ಕಾ. ಈ ತಂತಿ ಪೂರಾ ಕಂಡಿದ್ರೂ ನನಗ ಗುರುತು ಹತ್ತತಿದ್ದಿಲ್ಲ. ನೀವು ನೋಡಿದ್ರಿ, ಮತ್ತ ನೀವ ಹೇಳಿದ್ರಿ. ಆತು, ಫೋನ್ ಮಾಡ್ರಿ."

ಹಿರಿಯ ಡಾಕ್ಟರ ಹತ್ತಿರ ಕಲಿತದ್ದು ತನ್ನ ಪುಣ್ಯ, ಅವರಾದ ಮೇಲೆ ಇವರು ಸಿಕ್ಕಿದ್ದು ಇನ್ನೊಂದು ಎಂದು ನಾಗರತ್ನಾಳಿಗೆ ಅನ್ನಿಸಿತು. ಕಣ್ಣಲ್ಲಿ ನೀರು ಬಂದದ್ದನ್ನು ತೋರಗೊಡದೆ ಫೋನ್ ಎತ್ತಿಕೊಂಡಳು. ಆ ಕಡೆ ಸುನಿತಾ ಟೀಚರ್ ಖರೇನಾ ಎಂದು ಒಂದು ಸಲ ಕೇಳಿದರು, ಅಷ್ಟೆ.

ಆ ಸಂಜೆ ಮಂಜವ್ವ, ಹೇಮಪ್ಪ ಹುಲಕೋಟಿಯಲ್ಲಿದ್ದ ಮಗಳ ಮನೆಗೆ ಹೋಗಿ ಉಳಿದರು. ಮರುದಿನ ಬೆಳಿಗ್ಗೆ ಅವರು ತಿರುಗಿ ಬರುವ ಹೊತ್ತಿಗೆ ಲಕ್ಷ್ಮೇಶ್ವರದಿಂದ ತಾಯಿ ಮಗಳು ಸ್ಕೂಟರಿನಲ್ಲಿ ಬಂದಿಳಿದರು. ಅಂಕಿತಾ ಈಗ ಹದಿಮೂರರ ಹುಡುಗಿ, ತಾಯಿಯ ಎತ್ತರಕ್ಕೆ ಬೆಳೆದಿದ್ದಳು. ವಾರ್ಡಿನ ಬಾಗಿಲಲ್ಲಿ ನಿಂತು ಕರೆದಳು. "ಗುಂಡ್ಯಾ."

ನಾಯಿಯ ಕಿವಿ ನೆಟ್ಟಗಾದವು. ಹೊಟ್ಟೆಯ ಹೊಲಿಗೆ ನೋಯುತ್ತಿದ್ದರೂ ಎದ್ದು ನಿಂತಿತು. ತೂರಾಡುತ್ತ ಹೋಗಿ ಅವಳ ಎರಡು ಮೊಣಕಾಲ ನಡುವೆ ತಲೆ ತೂರಿಸಿ, ಸಣ್ಣ ಮಗು ಕುಂಯ್‌ಗುಟ್ಟುವ ಹಾಗೆ ಗಂಟಲಲ್ಲಿಯೇ ಸದ್ದು ಮಾಡಿತು. ಹುಡುಗಿ ಹಾಗೆಯೇ ನೆಲಕ್ಕೆ ಕುಸಿದು ಕುಳಿತು ಅದರ ಕೊರಳನ್ನು ತಬ್ಬಿಕೊಂಡಳು. ಮಂಜವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಸುನಿತಾ ಮಂಜವ್ವನ ಹತ್ತಿರ ಹೋಗಿ ಎರಡೂ ಕೈ ಹಿಡಿದುಕೊಂಡರು.

"ಎರಡೂವರಿ ವರ್ಷ ರೀ ಯವ್ವಾ, ಊಟಕ್ಕ ಕುಂತಾಗೆಲ್ಲಾ ಅದು ಎಲ್ಲಿ ಹಸಗೊಂಡ ಬಿದ್ದೈತೋ ಅಂತಿದ್ದೆ. ಇಲ್ಲ ಯಾವುದೋ ಲಾರಿ ಕೆಳಗ ಸಿಕ್ಕೈತಿ ಅಂತಿದ್ದೆ. ಅದು ನಿಮ್ಮ ಕೈಯಾಗ ರೊಟ್ಟಿ ತಿನ್ನಾಕ ಹತ್ತಿತ್ತು."

ಮಂಜವ್ವ ನಾಯಿಯನ್ನು ಕರೆದುಕೊಂಡು ಹೋಗಿರಿ ಎಂದಳು. ಕರೆದ ಕೂಡಲೇ ಕಿವಿ ನಿಂತದ್ದನ್ನು ತಾನು ನೋಡಿದೆ, ಇನ್ನು ಇಟ್ಟುಕೊಳ್ಳುವುದು ಸರಿಯಲ್ಲ ಎಂದಳು. ಹೊಲಿಗೆ ಮಾಯುವ ತನಕ ಏನು ತಿನ್ನಿಸಬೇಕೆಂಬುದನ್ನು ಡಾಕ್ಟರು ಹೇಳಿದ ಹಾಗೆಯೇ ಒಪ್ಪಿಸಿದಳು. ಗಂಡನ ಕಿವಿಯ ಸುದ್ದಿ ಮಾತ್ರ ಎತ್ತಲಿಲ್ಲ. ನಾಗರತ್ನಾ ಅದನ್ನು ಹೇಳಬೇಕೆಂದು ಬಾಯಿ ತೆರೆದಳು. ಮಂಜವ್ವ ಬೇಡವೆಂದು ಕಣ್ಣಿನಲ್ಲಿಯೇ ತಡೆದಳು.

ಹೇಮಪ್ಪ ಬಾಗಿಲ ಬಳಿ ಸ್ಟೂಲಿನ ಮೇಲೆ ರಸ್ತೆಯ ಕಡೆ ಮುಖ ಮಾಡಿ ಕುಳಿತಿದ್ದ. ಅಂಕಿತಾ ಕಣ್ಣೊರೆಸಿಕೊಂಡು ಅವನನ್ನು ಕೇಳಿದಳು, ಅಜ್ಜಾ, ನೀವು ಇದಕ್ಕ ಏನಂತ ಕರೀತೀರಿ ಎಂದು. ಅವನು ತಿರುಗಲಿಲ್ಲ. ಮತ್ತೊಮ್ಮೆ ಕೇಳಿದಳು. ಸಿಟ್ಟು ಬಂದಿರಬೇಕೆಂದುಕೊಂಡು ಹುಡುಗಿಯ ಮುಖ ಸಣ್ಣದಾಯಿತು. ಆಗ ನಾಯಿ ಅವಳ ತೋಳುಗಳಿಂದ ಬಿಡಿಸಿಕೊಂಡಿತು. ಒಂದೊಂದೇ ಹೆಜ್ಜೆ ಇಡುತ್ತ ಹೋಗಿ ಹೇಮಪ್ಪನ ಮೊಣಕಾಲಿಗೆ ಮೂತಿ ಹಚ್ಚಿ ತಳ್ಳಿತು. ತಳ್ಳಿ, ಹಿಂದೆ ಹುಡುಗಿಯತ್ತ ನೋಡಿತು. ಹೇಮಪ್ಪ ಥಟ್ಟನೆ ತಿರುಗಿ, ಅದು ನೋಡಿದ ಕಡೆ ನೋಡಿ, ಏನವ್ವಾ ಎಂದ.

ಅಂಕಿತಾ ಅವನನ್ನು ನೋಡಿದಳು, ನಾಯಿಯನ್ನು ನೋಡಿದಳು. ಎದ್ದು ಹತ್ತಿರ ಬಂದು, ಜೋರಾಗಿ, ಒಂದೊಂದೇ ಮಾತು ಬಿಡಿಸಿ ಮತ್ತೆ ಕೇಳಿದಳು.

"ಸರದಾರ," ಎಂದ ಹೇಮಪ್ಪ. ನಾಯಿಯ ಬಾಲ ನೆಲಕ್ಕೆ ಎರಡು ಸಲ ಬಡಿಯಿತು.

ಹುಡುಗಿ ಆ ದಿನ ಸಂಜೆಯವರೆಗೆ ವಾರ್ಡಿನಲ್ಲಿ ಗೋಡೆಗೊರಗಿ ಕುಳಿತಿದ್ದಳು. ಹೊರಗೆ ಕಾರಿನ ಹಾರ್ನ್ ಆದಾಗ, ವಿದ್ಯಾಶ್ರೀ ಕೂಗಿ ಕರೆದಾಗ, ಬಾಗಿಲು ಬಡಿದಾಗ, ಪ್ರತಿ ಸಲವೂ ನಾಯಿ ತಲೆಯೆತ್ತಿ ಮೊದಲು ಹೇಮಪ್ಪ ಎಲ್ಲಿದ್ದಾನೆಂದು ಹುಡುಕುವುದನ್ನು ನೋಡಿದಳು. ಸುನಿತಾ ಕೂಡ ನೋಡಿದರು. ಹೋಗುವಾಗ ಅವರು ನಾಗರತ್ನಾಳನ್ನು ಮೂಲೆಗೆ ಕರೆದು ಹೇಮಪ್ಪನಿಗೆ ಕಿವಿ ಯಾವಾಗಿನಿಂದ ಕೇಳುವುದಿಲ್ಲವೆಂದು ವಿಚಾರಿಸಿದರು. ನಾಗರತ್ನಾ ಈ ಸಲ ಕಾಲುವೆಯ ದಾರಿಯ ಸಂಗತಿಯನ್ನು ಹೇಳಿದಳು.

ಎರಡು ದಿನ ಬಿಟ್ಟು ನಾಯಿಯನ್ನು ಮನೆಗೆ ಕಳಿಸುವ ದಿನ ಬಂತು. ಅದು ಗಂಜಿ ಕುಡಿದು ಅರಗಿಸಿಕೊಂಡಿತ್ತು. ಸಿಂಗಟಾಲೂರಿನ ಗೂಡ್ಸ್ ಆಟೋ ದವಾಖಾನೆಯ ಮುಂದೆ ಬಂದು ನಿಂತಿತು, ಅದರ ಹಿಂದೆ ಲಕ್ಷ್ಮೇಶ್ವರದ ಸ್ಕೂಟರ್. ಮಂಜವ್ವ ನಾಯಿಯ ಹಾಸಿಗೆಯ ಗೋಣಿಚೀಲವನ್ನೂ ಅದು ಅನ್ನ ತಿನ್ನುವ ತಾಟನ್ನೂ ತೊಳೆದು, ಗಂಟು ಕಟ್ಟಿ, ಸುನಿತಾಗೆ ಕೊಡಲು ತಂದಿದ್ದಳು. ಸುನಿತಾ ಕೈ ಚಾಚಲಿಲ್ಲ. ಮಗಳ ಕಡೆ ನೋಡಿದರು.

ಅಂಕಿತಾ ಹಗ್ಗ ಹಿಡಿದು ನಾಯಿಯನ್ನು ಮೆಟ್ಟಿಲಿನಿಂದ ಇಳಿಸಿಕೊಂಡು ಬಂದಳು. ಸ್ಕೂಟರಿನ ಹತ್ತಿರ ನಿಲ್ಲಲಿಲ್ಲ. ಅದನ್ನು ದಾಟಿ ಗೂಡ್ಸ್ ಆಟೋದ ಹಿಂದೆ ಹೋಗಿ ನಿಂತಳು. ತುಟಿ ಕಚ್ಚಿಕೊಂಡಿದ್ದಳು.

"ಸರದಾರಾ, ಬಾ," ಎಂದಳು.

ಹೇಮಪ್ಪನಿಗೆ ಮಾತು ಕೇಳದಿದ್ದರೂ ಆಗುತ್ತಿರುವುದು ತಿಳಿಯಿತು. ಅವನು ಆಟೋ ಹತ್ತಿ, ಎರಡೂ ಕೈ ಚಾಚಿ ನಾಯಿಯನ್ನು ಎತ್ತಿಕೊಂಡ. ಪಕ್ಕದಲ್ಲಿ ಮಲಗಿಸಿ, ಬಾಗಿ ಹುಡುಗಿಯ ತಲೆಯ ಮೇಲೆ ಅಂಗೈ ಇಟ್ಟ. ಮಂಜವ್ವ ಗಂಟು ಹಿಡಿದುಕೊಂಡೇ ರಸ್ತೆಯ ಮೇಲೆ ನಿಂತು ಅತ್ತಳು. ಸುನಿತಾ ಅವಳನ್ನು ಸಂತೈಸಲು ಹೋಗಿ ತಾವೂ ಅತ್ತರು. ನಂಬರು ಬರೆದುಕೊಂಡಿದ್ದಾಯಿತು, ಹೊಲಿಗೆ ಬಿಚ್ಚುವ ದಿನ ಎಲ್ಲರೂ ಬರುವುದೆಂದು ಮಾತಾಯಿತು. ಅಂಕಿತಾ ಮಂಜವ್ವನಿಗೆ ಅದಕ್ಕೆ ಕಲ್ಲಂಗಡಿ ಹಣ್ಣೆಂದರೆ ಜೀವವೆಂದೂ, ಬೀಜ ತೆಗೆದು ಕೊಡಬೇಕೆಂದೂ ಹೇಳಿದಳು. ಮಂಜವ್ವ ಅದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

ಆಟೋ ಹೊರಟಿತು. ಸ್ಕೂಟರೂ ಹೊರಟಿತು. ನಾಗರತ್ನಾ ದವಾಖಾನೆಯ ಮೆಟ್ಟಿಲ ಮೇಲೆ, ಸೀಸದ ಅಂಗಿಯನ್ನು ಇನ್ನೂ ಬಿಚ್ಚದೆ, ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಮುಂದೆ ರಸ್ತೆ ಒಡೆಯುವಲ್ಲಿ ಆಟೋ ಮುಂಡರಗಿಯ ಕಡೆ ತಿರುಗಿತು. ಲಕ್ಷ್ಮೇಶ್ವರಕ್ಕೆ ಹೋಗುವವರು ಅಲ್ಲಿ ಇನ್ನೊಂದು ಕಡೆ ತಿರುಗಬೇಕು. ಸ್ಕೂಟರ್ ಅಲ್ಲಿ ನಿಂತಿತು. ಹಿಂದೆ ಕುಳಿತ ಹುಡುಗಿ ತಾಯಿಯ ಹೆಗಲ ಮೇಲೆ ಬಾಗಿ ಏನೋ ಹೇಳಿದಂತೆ ಕಂಡಿತು. ಸ್ವಲ್ಪ ಹೊತ್ತಿನ ಮೇಲೆ ಅದು ನಿಧಾನವಾಗಿ ಆಟೋ ಹೋದ ದಾರಿಯನ್ನೇ ಹಿಡಿಯಿತು.